ಮೇಲೆ ಹೋದ ಬೀಬಕ್ಕ

ವಿಕ್ರೋಳಿ ಸ್ಟೇಷನ್ನಿನಿಂದ ನಮ್ಮ ಗುಡ್ಡದ ಬುಡದವರೆಗೆ ಶೇರ್ ರಿಕ್ಷಾ ಬರುತ್ತದೆ. ಅಲ್ಲಿಗೆ ಮುಂಬೈ ಮುಗಿಯಿತು. ಅಲ್ಲಿಂದ ಮೇಲಕ್ಕೆ ಇರುವುದು ಒಂದು ಗುಡ್ಡಗಾಡಿನ ಹಳ್ಳಿ. ಆಧಾರ್ ಕಾರ್ಡಿನಲ್ಲಿ ಮುಂಬೈ ಎಂದು ಬರೆದಿದೆ, ಅಷ್ಟೆ. ಅಲ್ಲಿ ರಸ್ತೆಯಿಲ್ಲ, ಮೆಟ್ಟಿಲುಗಳಿವೆ. ಆ ಮೆಟ್ಟಿಲುಗಳನ್ನೂ ಯಾವ ಇಂಜಿನಿಯರೂ ಕಟ್ಟಿಸಲಿಲ್ಲ. ಅವರವರ ಮನೆಯ ಮುಂದೆ ಅವರವರಿಗೆ ತೋಚಿದಂತೆ ಕಟ್ಟಿಕೊಂಡದ್ದು, ಒಂದು ಮೊಣಕಾಲೆತ್ತರ, ಮುಂದಿನದು ಗೇಣೆತ್ತರ. ಗ್ಯಾಸಿನವನು ಸಿಲಿಂಡರನ್ನು ಬುಡದಲ್ಲೇ ಇಳಿಸಿ ಹೋಗುತ್ತಾನೆ. ಆಂಬುಲೆನ್ಸ್ ಬುಡದಲ್ಲೇ ನಿಂತು ಹಾರ್ನ್ ಹೊಡೆಯುತ್ತದೆ. ಓಟು ಕೇಳುವವರು ಮಾತ್ರ ಏದುಸಿರು ಬಿಡುತ್ತ ಅರ್ಧದವರೆಗೆ ಹತ್ತಿ, ಉಳಿದವರಿಗೆ ಅಲ್ಲಿಂದಲೇ ಕೈಮುಗಿದು ಇಳಿದುಬಿಡುತ್ತಾರೆ.

ಆ ಬುಡದಲ್ಲಿ ನನ್ನ ಹಿಟ್ಟಿನ ಗಿರಣಿ. ನಾನು ಪರಪ್ಪ, ವಿಜಯಪುರ ಜಿಲ್ಲೆಯವನು. ಮೇಲಿನವರು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಜೋಳ, ಗೋಧಿಯ ಡಬ್ಬಿ ಇಟ್ಟು ಹೋಗುತ್ತಾರೆ, ಸಂಜೆ ಹಿಟ್ಟು ಹೊತ್ತು ಮೇಲೆ ಹೋಗುತ್ತಾರೆ. ಹೀಗಾಗಿ ಗುಡ್ಡದ ಸುದ್ದಿಯೆಲ್ಲ ನನ್ನ ಗಿರಣಿಯ ಮುಂದೆಯೇ ಹಾದುಹೋಗಬೇಕು. ಬಾಯಿ ಸ್ವಲ್ಪ ಜೋರು ಎಂದು ನನಗೆ ಹೆಸರಿದೆ. ಗಿರಣಿಯ ಸದ್ದಿನಲ್ಲಿ ಜೀವಮಾನ ಕಳೆದವನು ಮೆಲ್ಲಗೆ ಮಾತಾಡುವುದನ್ನು ಎಲ್ಲಿ ಕಲಿಯಬೇಕು, ಹೇಳಿ.

ನಮ್ಮಲ್ಲಿ ದಿಕ್ಕುಗಳು ಎರಡೇ. ಮೇಲೆ ಎಂದರೆ ಮನೆ. ಕೆಳಗೆ ಎಂದರೆ ಉಳಿದ ಜಗತ್ತು: ಸ್ಟೇಷನ್, ಶಾಲೆ, ದವಾಖಾನೆ, ಮಾರ್ಕೆಟ್ಟು, ದುಬೈ ಎಲ್ಲ ಕೆಳಗೇ. ಅಲ್ತಾಫ ಎಲ್ಲಿ ಎಂದು ಯಾರಾದರೂ ಕೇಳಿದರೆ, ಮೇಲೆ ಹೋದ ಎನ್ನುತ್ತೇವೆ. ಕೇಳಿದವನು ಗಾಬರಿಯಾಗುವುದಿಲ್ಲ, ಸರಿ ಎಂದು ಚಹಾ ಕುಡಿಯುತ್ತಾನೆ.

ಈ ಅಲ್ತಾಫನ ತಾಯಿ ಬೀಬೀಜಾನ. ನನಗೆ ಬೀಬಕ್ಕ. ತಾಳಿಕೋಟೆ ಕಡೆಯ ಹೆಣ್ಣುಮಗಳು. ಗಂಡ ಶರೀಫ ಕಲ್ಲು ಒಡೆಯುವ ಕೆಲಸಕ್ಕೆ ಈ ಗುಡ್ಡಕ್ಕೆ ಬಂದವನು. ಕಲ್ಲಿನ ಗಣಿ ಮುಚ್ಚಿದ ಮೇಲೆ ಒಡೆದ ಕಲ್ಲಿನ ನಡುವೆಯೇ ಗುಡಿಸಲು ಹಾಕಿದ. ಆಗ ಮೇಲೆ ಬರೀ ಕುರುಚಲು ಕಾಡು. ಆಮೇಲೆ ಜನ ಬಂದರು, ಬುಡದಿಂದ ತುಂಬುತ್ತ ತುಂಬುತ್ತ ಮೇಲಕ್ಕೆ ಹತ್ತಿದರು. ಬಂದವರಿಗೆಲ್ಲ ಮನೆ ಬೇಕಲ್ಲ. ಇಟ್ಟಿಗೆ, ಉಸುಕು, ಸಿಮೆಂಟಿನ ಚೀಲ ಮೇಲೆ ಹೋಗಬೇಕಲ್ಲ. ಅದನ್ನೆಲ್ಲ ಹೊತ್ತವರು ಹೆಂಗಸರು, ಅವರಲ್ಲಿ ಎಲ್ಲರಿಗಿಂತ ಮುಂದೆ ಬೀಬಕ್ಕ. ಬುಟ್ಟಿಗೆ ನಾನು ಕೈಹಚ್ಚಿದರೆ ಸಾಕು, ಮಿಕ್ಕದ್ದು ಅವಳ ಕತ್ತು ನೋಡಿಕೊಳ್ಳುತ್ತಿತ್ತು. ಬಸಿರಿನಲ್ಲೂ ಹೊತ್ತಳು. ಶರೀಫ ತೀರಿಕೊಂಡು ನಲವತ್ತು ದಿನ ಕಳೆದ ಮರುದಿನವೇ ಸೆರಗು ಸುತ್ತಿ ತಲೆಯ ಮೇಲಿಟ್ಟುಕೊಂಡು ಬಂದು, "ಇವತ್ತ ಯಾರ ಮನೀದು ಐತಿ ಪರಪ್ಪಾ?" ಎಂದು ಕೇಳಿದಳು. ಈ ಗುಡ್ಡದ ಅರ್ಧ ಮನೆಗಳು ಅವಳ ತಲೆಯ ಮೇಲೆ ಹತ್ತಿದವು ಎಂದರೆ ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ.

ಆ ಮೊಣಕಾಲುಗಳು ಎಷ್ಟು ವರ್ಷ ತಾಳಬೇಕು? ಸವೆದು ಹೋದವು. ಒಂದು ರಮಜಾನಿನಲ್ಲಿ ಇಫ್ತಾರಿಗೆ ಖರ್ಜೂರ ಕೊಳ್ಳಲು ಇಳಿದು ಬಂದವಳು ಹತ್ತಿ ಹೋಗಲು ಸಂಜೆಯಿಡೀ ತೆಗೆದುಕೊಂಡಳು. ಅದೇ ಕೊನೆ. ಆಮೇಲೆ ನಾಲ್ಕು ವರ್ಷ ಅವಳು ಕೆಳಗೆ ಬರಲಿಲ್ಲ. ಮನೆ ಗುಡ್ಡದ ಕಟ್ಟಕಡೆಯಲ್ಲಿ, ಅದರ ಹಿಂದೆ ಬಂಡೆ. ಬಾಗಿಲಲ್ಲಿ ಕೂತರೆ ಇಡೀ ವಿಕ್ರೋಳಿ ಕಾಣುತ್ತದೆ: ಲೋಕಲ್ ಗಾಡಿಗಳು, ಫ್ಯಾಕ್ಟರಿಯ ಶೆಡ್ಡುಗಳು, ಗಾಜಿನ ಆಫೀಸುಗಳು, ದೂರದಲ್ಲಿ ಸಮುದ್ರದ ಖಾಡಿಯ ನೀರು. ನೋಡಲು ಬಂದವರು ವ್ಯೂ ಬಹಳ ಚೆನ್ನಾಗಿದೆ ಎನ್ನುತ್ತಾರೆ. ಅವಳಿಗೆ ಆ ವ್ಯೂ ಕಂಡರೆ ಹೊಟ್ಟೆ ಉರಿಯುತ್ತಿತ್ತು. ಫೋನ್ ಮಾಡಿ ನನ್ನನ್ನು ಕೇಳುತ್ತಿದ್ದಳು: "ಕೆಳಗ ಭಾಜಿ ಗಾಡಿಯಾವ ಬಂದಾನಲ್ಲ, ಏನ್ ತಂದಾನ? ಮೆಂತ್ಯೆ ಎಳೇದ ಐತೇನು? ನನಗ ಹಸರ ಅಷ್ಟ ಕಾಣಸ್ತದ ನೋಡು, ಏನಂತ ತಿಳ್ಯಂಗಿಲ್ಲ."

ಕೆಳಗೆ ಒಂದು ಖೋಲಿ ಮಾಡಿಕೊಡು ಎಂದು ಮಗನಿಗೆ ಹೇಳುತ್ತಿದ್ದಳು. ಅಲ್ತಾಫ ಕೆಟ್ಟವನಲ್ಲ, ಗೋರೆಗಾಂವಿನಲ್ಲಿ ಶೂಟಿಂಗಿನ ಲೈಟು ಎತ್ತುವ ಕೆಲಸ, ದುಡಿಮೆ ಇದೆ. ಆದರೆ ಮೇಲಿನ ಖೋಲಿಯನ್ನು ಕೊಳ್ಳುವವರಿಲ್ಲ, ಕೆಳಗಿನದು ಕೈಗೆಟುಕುವುದಿಲ್ಲ. ಅದರ ಮೇಲೆ ಸರ್ವೆಯ ಭೂತ ಬೇರೆ. ಗುಡ್ಡದವರಿಗೆಲ್ಲ ಬಿಲ್ಡಿಂಗಿನಲ್ಲಿ ಮನೆ ಕೊಡುತ್ತಾರಂತೆ, ಅದಕ್ಕೆ ಸರ್ವೆಯವರು ಬಂದಾಗ ಖೋಲಿಯಲ್ಲಿ ಮನೆಯವರು ಇರಲೇಬೇಕಂತೆ. ಯಾವಾಗ ಬರುತ್ತಾರೆ? ಯಾರಿಗೂ ಗೊತ್ತಿಲ್ಲ. ಅಲ್ತಾಫ, ಅವನ ಹೆಂಡತಿ ಶಿರೀನ್, ಕಾಲೇಜಿಗೆ ಹೋಗುವ ಮಗಳು ನೂರೀನ ಎಲ್ಲರೂ ಬೆಳಿಗ್ಗೆ ಕೆಳಗೆ ಹೋಗುವವರು. ಹಾಗಾಗಿ ಇಳಿಯಲಾಗದ ಮುದುಕಿ ಮನೆಯಲ್ಲಿರುವುದು ಎಲ್ಲರಿಗೂ ಅನುಕೂಲವೇ ಆಗಿತ್ತು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನು ಒಮ್ಮೆ ಅಲ್ತಾಫನ ಮುಖಕ್ಕೇ ಹೇಳಿದೆ. ಅವನು ಒಂದು ವಾರ ಬೇರೆ ಗಿರಣಿಯಲ್ಲಿ ಹಿಟ್ಟು ಬೀಸಿಸಿದ.

ಕಳೆದ ಜೂನಿನಲ್ಲಿ ಬೀಬಕ್ಕನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತು. ನಮ್ಮ ಗುಡ್ಡದಲ್ಲಿ ಒಂದು ಡೋಲಿ ಇದೆ. ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿದ್ದಾರೆ, ನಾಲ್ಕು ಹುಡುಗರು ಹೊರಬೇಕು. ಅದರಲ್ಲಿ ಕೂರಿಸಿಕೊಂಡು ಇಳಿಸಿ ಆಸ್ಪತ್ರೆಗೆ ಸೇರಿಸಿದರು. ಜ್ವರ ಇಳಿದ ಮೇಲೆ ನಾನು ನೋಡಲು ಹೋದೆ. ವಾಕರ್ ಹಿಡಿದು ವಾರ್ಡಿನ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದಳು. "ಸಪಾಟ ನೆಲಾ ಪರಪ್ಪಾ. ಎಷ್ಟ ನಡದ್ರೂ ಸಾಲವಲ್ದು" ಎಂದಳು. ಕಾಯಿಲೆ ಬಿದ್ದು ಅಷ್ಟು ಖುಷಿಯಾಗಿದ್ದವರನ್ನು ನಾನು ಬೇರೆ ನೋಡಿಲ್ಲ.

ಡಿಸ್ಚಾರ್ಜಾದ ಬೆಳಿಗ್ಗೆ ರಿಕ್ಷಾದಿಂದ ಇಳಿದು ನನ್ನ ಗಿರಣಿಯಲ್ಲಿ ಕೂತಳು. ಹುಡುಗರು ಡೋಲಿ ತಂದು ನಿಲ್ಲಿಸಿದರು. ಅವಳು ಅದರ ಕಡೆ ನೋಡಲೇ ಇಲ್ಲ. ಅಲ್ತಾಫನ ಕೈ ಹಿಡಿದುಕೊಂಡು ಹೇಳಿದಳು: "ಇಲ್ಲೇ ಎಲ್ಲೆರ ಇರ್ತೀನೋ. ಈ ಗಿರಣಿ ಮೂಲ್ಯಾಗ ಬಿದ್ದಿರ್ತೀನಿ. ಮ್ಯಾಲ ಒಯ್ಯಬ್ಯಾಡ."

"ಅಮ್ಮಾ, ಮಂದಿ ಏನಂತಾರ? ನಡೀರಿ" ಎಂದ ಅಲ್ತಾಫ. ನಾಲ್ವರಲ್ಲಿ ಒಬ್ಬನಾಗಿ ತಾನೇ ಬಿದಿರಿಗೆ ಹೆಗಲು ಕೊಟ್ಟ. ಅವಳು ಮುಖದ ಮೇಲೆ ಸೆರಗು ಎಳೆದುಕೊಂಡು ಹೋದಳು. ನಾನು ಗಿರಾಕಿಯೊಬ್ಬನನ್ನು ಸುಮ್ಮನೆ ಬೈದೆ.

ಅವರು ಮೇಲೆ ಮುಟ್ಟಿದ್ದಾರೋ ಇಲ್ಲವೋ, ನೂರೀನ ಹಿಟ್ಟು ಒಯ್ಯಲು ಗಿರಣಿಗೆ ಬಂದಳು. ಆಗಲೇ ಅವಳ ಫೋನ್ ಹೊಡೆಯಿತು. ತಾಳಿಕೋಟೆಯಿಂದ ತೌಸಿಫ್. ಬೀಬಕ್ಕನ ತಂಗಿ ಖಾಸೀಂಬಿಯ ಮಗ. ಗಿರಣಿಯಲ್ಲಿ ಜೋಳ ಬೀಳುತ್ತಿತ್ತು, ಹುಡುಗಿ ಒಂದು ಕಿವಿ ಮುಚ್ಚಿಕೊಂಡು ಕೂಗಿ ಮಾತಾಡಿದಳು. ನೂರೀನಳ ಕನ್ನಡ ಮುಂಬೈಯಲ್ಲಿ ಹುಟ್ಟಿದ ಮಕ್ಕಳದು, ಅರ್ಧ ಹಿಂದಿ.

"ನಹೀ ಚಾಚಾ, ಹಾಸ್ಪಿಟಲ್ ಅಲ್ಲಿ ಇಲ್ಲ. ದಾದಿ ಮೇಲೆ ಹೋದ್ರು. ಆಜ್ ಸುಬಹ. ನಾಲ್ಕು ಜನ ಎತ್ಕೊಂಡು ಹೋದ್ರು. ಹಾಂ, ಅಬ್ಬಾ ಭೀ ಹೆಗಲು ಕೊಟ್ರು."

ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಕಿವಿಗೆ ಅದರಲ್ಲಿ ಒಂದು ಅಕ್ಷರವೂ ತಪ್ಪಾಗಿ ಕೇಳಲಿಲ್ಲ. ಕನ್ನಡದಲ್ಲಿ ಹೇಳಿದರೂ ಅಷ್ಟೇ, ಅವರ ದಖ್ಖಣಿ ಉರ್ದುವಿನಲ್ಲಿ ಹೇಳಿದರೂ ಅಷ್ಟೇ, ಊರಿನಲ್ಲಿ ಕೂತವನಿಗೆ ಆ ಮಾತಿನ ಅರ್ಥ ಒಂದೇ. ಆ ಕಡೆಯಿಂದ ಫೋನ್ ಕಟ್ಟಾಯಿತು. ನೂರೀನ ಹಿಟ್ಟಿನ ಡಬ್ಬಿ ಎತ್ತಿಕೊಂಡು ಮೇಲೆ ಹೋದಳು.

ಮಧ್ಯಾಹ್ನ ಮಳೆ ಶುರುವಾಯಿತು. ಮುಂಬೈಗೆ ಅದು ಮಳೆ, ನಮ್ಮ ಗುಡ್ಡಕ್ಕೆ ಅದು ಪರೀಕ್ಷೆ. ಸಂಜೆಗೆ ನಡುಗುಡ್ಡದ ತಡೆಗೋಡೆ ಕುಸಿದು, ಮೆಟ್ಟಿಲು, ಲೈಟಿನ ಕಂಬ, ಒಂದು ಪಾಯಖಾನೆ ಎಲ್ಲವನ್ನೂ ಪಕ್ಕದ ಆಳವಾದ ಕೊರಕಲು ನಾಲೆಗೆ ಎಳೆದುಕೊಂಡು ಹೋಯಿತು. ಯಾರಿಗೂ ಏನೂ ಆಗಲಿಲ್ಲ, ಅದಕ್ಕೇ ಯಾವ ಚಾನೆಲ್ಲಿನವರೂ ಬರಲಿಲ್ಲ. ಮೇಲಿನ ಅರ್ಧ ಗುಡ್ಡಕ್ಕೆ ಕರೆಂಟಿಲ್ಲ, ನೀರಿನ ಪೈಪು ಒಡೆದಿದೆ, ಫೋನುಗಳು ಒಂದೊಂದಾಗಿ ಸತ್ತವು. ಕೊಚ್ಚಿಹೋದ ಜಾಗದಲ್ಲಿ ಹುಡುಗರು ಉಸುಕಿನ ಚೀಲ ಒಟ್ಟಿ, ಮೇಲಿನ ಮನೆಯ ಕಂಬದಿಂದ ಕೆಳಗಿನ ಮನೆಯ ಕಂಬಕ್ಕೆ ಹಗ್ಗ ಕಟ್ಟಿದರು. ಕಾಲಿನಲ್ಲಿ ಕಸುವಿದ್ದವರು ಹಗ್ಗ ಹಿಡಿದು ದಾಟಬಹುದು. ಉಳಿದವರು ಇದ್ದಲ್ಲೇ ಇರಬೇಕು. ಮರುದಿನ ಬೆಳಿಗ್ಗೆ ವಾರ್ಡಿನಿಂದ ಒಬ್ಬ ಸಾಹೇಬ ಬಂದು ಫೋಟೋ ತೆಗೆದ. ಪಕ್ಕಾ ಕೆಲಸ ಮಳೆಗಾಲ ಮುಗಿದ ಮೇಲೆಯೇ ಎಂದ. ಅಲ್ಲಿಯವರೆಗೆ ಮುದುಕರು, ಕಾಯಿಲೆಯವರು ಏನು ಮಾಡಬೇಕು ಎಂದು ಕೇಳಿದೆ. ಅವನು ನನ್ನ ಪ್ರಶ್ನೆಯ ಫೋಟೋ ತೆಗೆಯಲಿಲ್ಲ.

ಸಾಹೇಬ ಹೋದ ಸ್ವಲ್ಪ ಹೊತ್ತಿಗೆ ರಿಕ್ಷಾವೊಂದು ಬಂದು ನಿಂತಿತು. ಮೊದಲು ತೌಸಿಫ್ ಇಳಿದ, ಹಿಂದೆ ಒಬ್ಬ ಮುದುಕಿ, ಕಂಕುಳಲ್ಲಿ ಒಂದು ಗಂಟು. ಮುಖ ನೋಡಿದ ಕೂಡಲೇ ಗುರುತು ಹತ್ತಿತು, ಬೀಬಕ್ಕನದೇ ಮೂಗು. ಖಾಸೀಂಬಿಗೆ ಮೊದಲಿನಿಂದಲೂ ದಮ್ಮು. ರಿಕ್ಷಾದಿಂದ ಗಿರಣಿಯ ಬಾಗಿಲಿಗೆ ಬರುವಷ್ಟರಲ್ಲಿ ಎದೆ ಸೀಟಿ ಹೊಡೆಯುತ್ತಿತ್ತು. ಹಿಂದಿನ ದಿನವೇ ಹೊರಟು, ಸೊಲ್ಲಾಪುರದಲ್ಲಿ ರೈಲು ಹಿಡಿದು ಬಂದಿದ್ದರು.

"ಅಣ್ಣಾ, ಮಣ್ಣು ಆತೇನು?" ಎಂದು ಕೇಳಿದಳು.

ನನ್ನ ತಲೆಯಲ್ಲಿ ಇದ್ದದ್ದು ಕುಸಿದು ಬಿದ್ದ ಮಣ್ಣು. ಹುಡುಗರು ಸಲಿಕೆ ಹಿಡಿದು ಅದನ್ನೇ ಎಳೆಯುತ್ತಿದ್ದರು. "ಎಲ್ಲಿ ಆಗ್ತೈತಿ ತಂಗಿ, ಇನ್ನಾ ತಗೀಲಾಕತ್ತಾರ" ಎಂದೆ.

ಅವಳು ಅಲ್ಲೇ ಹಿಟ್ಟಿನ ನೆಲದ ಮೇಲೆ ಕುಸಿದು ಕೂತಳು. "ಕಡೀಕ ಮುಖಾನರ ಸಿಗ್ತೈತಿ. ಅಲ್ತಾಫ ನನಗ ಒಂದ್ ಫೋನ್ ಮಾಡಲಿಲ್ಲ ನೋಡು. ತಾಯಿ ಹೆಣಾ ಇಟಗೊಂಡು ಫೋನ್ ಬಂದ್ ಮಾಡ್ಯಾನ" ಎಂದು ಅಳತೊಡಗಿದಳು.

ಆಗ ನನಗೆ ಹೊಳೆಯಿತು. ಗಿರಣಿ ಬಂದ್ ಮಾಡಿದೆ. ಅಪರೂಪಕ್ಕೆ ಮೆಲ್ಲನೆ ಹೇಳಿದೆ. "ತಂಗೀ, ನಿನ್ನ ಅಕ್ಕ ಮ್ಯಾಲ ಮನ್ಯಾಗ ಅದಾಳ. ಜೀವಂತ ಅದಾಳ. ಈಗ ಚಾ ಕುಡಕೋತ ಕುಂತಿರ್ತಾಳ."

ತೌಸಿಫ್ ನನ್ನ ಮುಖ ನೋಡಿದ. ಆಮೇಲೆ ಗುಡ್ಡ ನೋಡಿದ. ನಾನು ಅವನಿಗೆ ಮೇಲೆ ಎಂದರೆ ಏನು, ಡೋಲಿ ಎಂದರೆ ಏನು ಎಲ್ಲ ಬಿಡಿಸಿ ಹೇಳಿದೆ. ಖಾಸೀಂಬಿ ಮೊದಲು ನಕ್ಕಳು, ಆಮೇಲೆ ನಗುತ್ತಲೇ ಅತ್ತಳು, ಆಮೇಲೆ ನೂರೀನಳಿಗೆ ಎರಡು ಬೈಗುಳ ಬಿಟ್ಟಳು. ಹನ್ನೊಂದು ವರ್ಷವಾಗಿತ್ತಂತೆ ಅಕ್ಕತಂಗಿ ಮುಖ ನೋಡಿ. ಸತ್ತ ಸುದ್ದಿ ಬರದಿದ್ದರೆ ಇವಳೂ ಹೊರಡುತ್ತಿರಲಿಲ್ಲ. "ಅಲ್ಲಾ ಹುಡಿಗಿ ಬಾಯಿಂದ ಹಂಗ ಆಡಿಸ್ಯಾನ. ನಡಿ, ಅಕ್ಕನ್ನ ನೋಡೂಣು" ಎಂದು ಎದ್ದಳು. ಎದ್ದು ತಲೆಯೆತ್ತಿ ಮೆಟ್ಟಿಲು ನೋಡಿದಳು.

ಡೋಲಿ ಬರುವಂತಿರಲಿಲ್ಲ, ಹಗ್ಗದ ಜಾಗದಲ್ಲಿ ಒಬ್ಬರ ಹಿಂದೆ ಒಬ್ಬರು ದಾಟಬೇಕು. ಆದರೂ ಖಾಸೀಂಬಿ ಹತ್ತಿಯೇ ಹತ್ತುತ್ತೇನೆ ಎಂದಳು. ನಾನೂ ಜೊತೆಗೆ ಹೊರಟೆ. ತೌಸಿಫ್ ಮುಂದೆ, ನಾನು ಹಿಂದೆ. ನಾಲ್ಕು ಮೆಟ್ಟಿಲಿಗೊಮ್ಮೆ ಕೂತಳು. ಕೂತಲ್ಲೆಲ್ಲ ಯಾರದೋ ಮನೆಯ ಬಾಗಿಲು. ಯಾರೋ ನೀರು ಕೊಟ್ಟರು, ಯಾರೋ ಮೊರದಿಂದ ಗಾಳಿ ಬೀಸಿದರು. ಬೀಬಕ್ಕನ ತಂಗಿ ಎಂದರೆ ಸಾಕಾಗಿತ್ತು. ಒಬ್ಬಳು ಮುದುಕಿ, ನಮ್ಮ ಮನೆಯ ಇಟ್ಟಿಗೆಯೆಲ್ಲ ನಿಮ್ಮ ಅಕ್ಕನೇ ಹೊತ್ತದ್ದು ಎಂದು ಮರಾಠಿಯಲ್ಲಿ ಹೇಳಿದಳು. ನಾನು ಕನ್ನಡ ಮಾಡಿ ಹೇಳಿದೆ. ಖಾಸೀಂಬಿ ಆ ಮನೆಯ ಗೋಡೆಗೆ ಕೈಯಿಟ್ಟು ಉಸಿರು ಎಳೆದುಕೊಂಡಳು.

ಹಗ್ಗದ ಹತ್ತಿರ ಮುಟ್ಟಿದಾಗ ಅವಳ ತುಟಿ ನೀಲಿಯಾಗಿತ್ತು. ಎದುರಿಗೆ ಎರಡು ಆಳು ಉದ್ದದಷ್ಟು ಜಾರುವ ಕೆಂಪು ಮಣ್ಣು, ಪಕ್ಕದಲ್ಲಿ ನಾಲೆಯ ಪ್ರಪಾತ. ಆಚೆ ಕಡೆಯ ಮೆಟ್ಟಿಲಿನ ಮೇಲೆ ಜನ ಸೇರಿದ್ದರು. ಸುದ್ದಿ ನಮಗಿಂತ ಮೊದಲೇ ಹತ್ತಿತ್ತು. ಆ ಜನರ ನಡುವಿನಿಂದ ಬೀಬಕ್ಕ ಬಂದಳು. ನಡೆದು ಅಲ್ಲ. ಕೂತುಕೊಂಡು, ಎರಡೂ ಕೈ ಊರಿ, ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಅಂಡು ಜಾರಿಸುತ್ತ. ಹಿಂದೆ ಅಲ್ತಾಫ, "ಅಮ್ಮಾ ಸಾಕು, ಅಮ್ಮಾ ಸಾಕು" ಎನ್ನುತ್ತಿದ್ದ. ಮಳೆಯ ರಾಡಿಯಲ್ಲಿ ಅವಳ ಸೀರೆ ಸೊಂಟದವರೆಗೆ ತೊಯ್ದಿತ್ತು. ಮೆಟ್ಟಿಲು ಮುಗಿದು ಮಣ್ಣು ಶುರುವಾಗುವ ಅಂಚಿನಲ್ಲಿ ಬಂದು ಕೂತಳು. ಅಲ್ಲಿಂದ ಮುಂದೆ ಜಾರಲು ಏನೂ ಇರಲಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಬೀಬಕ್ಕ ಕೇಳಿದಳು: "ನಿನ್ನ ಹಲ್ಲ ಎಲ್ಲಿ ಹೋದುವು ಖಾಸೀಂ?"

"ನಿನ್ನ ಕಾಲ ಎಲ್ಲಿ ಹೋದುವು, ಅಲ್ಲೇ" ಎಂದಳು ತಂಗಿ.

ಜನ ನಕ್ಕರು. ತೌಸಿಫ್ ಅಷ್ಟರಲ್ಲಿ ಚಪ್ಪಲಿ ಬಿಟ್ಟು ಹಗ್ಗಕ್ಕೆ ಕೈ ಹಾಕಿದ್ದ. ದೊಡ್ಡಮ್ಮನನ್ನು ಬೆನ್ನಮೇಲೆ ಹೊತ್ತು ಈಚೆ ತರುತ್ತೇನೆ ಎಂದ. ಅಲ್ತಾಫನೂ ತಾನು ಹಿಂದಿನಿಂದ ಹಿಡಿಯುತ್ತೇನೆ ಎಂದ. ಬೀಬಕ್ಕ ಕೈ ಅಡ್ಡ ಮಾಡಿದಳು.

"ಬ್ಯಾಡ. ಹಸಿ ಮಣ್ಣಿನ್ಯಾಗ ಹೊರೀ ಹೊತ್ತಾವನ ಕಾಲ ನಿಲ್ಲಂಗಿಲ್ಲ. ಬರೇಗೈಲೆ ದಾಟೋ ಜಾಗಾ ಬ್ಯಾರೆ, ಹೊತಗೊಂಡು ದಾಟೋ ಜಾಗಾ ಬ್ಯಾರೆ. ನನ್ನ ಸಲುವಾಗಿ ಯಾರದರ ಮಗ ನಾಲ್ಯಾಗ ಬೀಳೂದು ಬ್ಯಾಡ."

ಅಷ್ಟು ಹೇಳಿದ ಮೇಲೆ ಯಾರೂ ಒತ್ತಾಯ ಮಾಡಲಿಲ್ಲ. ಇಬ್ಬರೂ ತಂತಮ್ಮ ಅಂಚಿನಲ್ಲಿ ಕೂತೇ ಮಾತಾಡಿದರು. ಊರಿನಲ್ಲಿ ಯಾರು ಸತ್ತರು, ಯಾರ ಮೊಮ್ಮಗಳ ನಿಕಾಹ್ ಆಯಿತು, ಡೋಣಿ ಹೊಳೆಗೆ ಈ ವರ್ಷ ನೀರು ಬಂದಿದೆಯೋ, ಅವರ ತಾಯಿ ಹಚ್ಚಿದ ಬೇವಿನಮರ ಇದೆಯೋ ಕಡಿದರೋ. ಮೊದಲು ಕೂಗಿ ಮಾತಾಡುತ್ತಿದ್ದರು, ಆಮೇಲೆ ದನಿ ಇಳಿಯಿತು. ಹಗ್ಗದ ಮೇಲೆ ಕೈ ಇಟ್ಟುಕೊಂಡೇ ಇದ್ದರು, ಈ ತುದಿಯಲ್ಲಿ ಇವಳು, ಆ ತುದಿಯಲ್ಲಿ ಅವಳು. ಮುಟ್ಟಬೇಕೆಂದಿದ್ದರೆ ಅದೊಂದೇ ದಾರಿ. ನನಗೆ ವಿಪರೀತ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಿದ್ದರೆ ಬೈದು ಹಗುರಾಗುತ್ತಿದ್ದೆ.

ಖಾಸೀಂಬಿ ಗಂಟು ಬಿಚ್ಚಿದಳು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ದಾರಿಯಲ್ಲಿ ಮಗನಿಗೆಂದು ಕಟ್ಟಿಕೊಂಡದ್ದು, ಸತ್ತ ಮನೆಗೆ ಯಾರು ರೊಟ್ಟಿ ಒಯ್ಯುತ್ತಾರೆ. ನೂರೀನ ಹಗ್ಗ ಹಿಡಿದು ಈಚೆ ಬಂದಳು, ತಲೆ ತಗ್ಗಿಸಿಕೊಂಡೇ ಕೈ ಚಾಚಿದಳು. ಅಜ್ಜಿಗೆ ಒಯ್ದು ಕೊಟ್ಟಳು. ಬೀಬಕ್ಕ ರೊಟ್ಟಿ ಮೂಸಿ ನೋಡಿ, ಮುರಿದು ಬಾಯಿಗೆ ಹಾಕಿಕೊಂಡಳು. ಅಗಿಯುತ್ತಲೇ ಕೇಳಿದಳು: "ಗಂಟಿನ್ಯಾಗ ಇನ್ನಾ ಏನೋ ಐತಲ್ಲ, ಬೆಳ್ಳಗ."

ಖಾಸೀಂಬಿ ಗಂಟನ್ನು ಹಿಂದಕ್ಕೆ ಸರಿಸಿದಳು. "ಏನಿಲ್ಲ."

"ಕಫನ್ ತಂದೀಯಲ್ಲ?"

ಅವರಲ್ಲಿ ಮದುವೆಯಾದ ಹೆಣ್ಣು ಸತ್ತರೆ ಮೈಮೇಲಿನ ಕಡೆಯ ಬಿಳಿ ಬಟ್ಟೆ ತವರಿನಿಂದ ಬರಬೇಕು. ತಂದೆತಾಯಿ ಇಲ್ಲ, ಅಣ್ಣತಮ್ಮಂದಿರಿಲ್ಲ. ತವರು ಎಂದು ಉಳಿದವಳು ಇವಳೊಬ್ಬಳೇ. ಹಿಂದಿನ ದಿನ ಸುದ್ದಿ ಕೇಳಿದ ಮೇಲೆ ಬಸ್ಸು ಹತ್ತುವ ಮೊದಲು ತಾಳಿಕೋಟೆ ಪೇಟೆಗೆ ಹೋಗಿ ಕೊಂಡು ತಂದಿದ್ದಳು.

"ತಂದಿದ್ದೆ. ಒಯ್ದು ಮನ್ಯಾಗ ಹರದು ಹಾಸಗಿಗೆ ಹಾಕ್ತೀನಿ" ಎಂದಳು ಖಾಸೀಂಬಿ.

"ಇಲ್ಲೇ ಕೊಡು."

"ಅಕ್ಕಾ, ಬಾಯಾಗ ಒಳ್ಳೇದ ಅನ್ನು."

"ಒಳ್ಳೇದ ಅನ್ನಾಕತ್ತೀನಿ. ಇವತ್ತ ನೀ ಇಲ್ಲಿಗಂಟ ಬಂದಿ. ಮುಂದ ನಾ ಖರೇನ ಹೋದ ದಿನ ನಿನಗ ಇಷ್ಟೂ ಹತ್ತಾಕ ಆಗಂಗಿಲ್ಲ. ನಿನ್ನ ಕೈಲೆ ಕೊಟ್ಟದ್ದು ಅಂತ ಇರಲಿ. ಕೊಡು."

ಖಾಸೀಂಬಿ ಬಟ್ಟೆಯನ್ನು ಮಡಿಲಿನಲ್ಲಿಟ್ಟುಕೊಂಡು ಬಹಳ ಹೊತ್ತು ಸವರಿದಳು. ನೂರೀನ ಅದನ್ನು ಒಯ್ಯಲು ಒಪ್ಪಲಿಲ್ಲ, ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು. ಕೊನೆಗೆ ಅಲ್ತಾಫನೇ ದಾಟಿ ಬಂದು ಚಿಕ್ಕಮ್ಮನ ಮುಂದೆ ಎರಡೂ ಕೈ ಒಡ್ಡಿದ. ಬಟ್ಟೆಯನ್ನು ಅಂಗಿಯೊಳಗೆ ಸೇರಿಸಿಕೊಂಡು, ಹಗ್ಗ ಹಿಡಿದು, ತಾಯಿಗೆ ಒಯ್ದು ಕೊಟ್ಟ. ಬೀಬಕ್ಕ ಒಂದು ಮಡಿಕೆ ಬಿಡಿಸಿ, ಬೆರಳಿನಲ್ಲಿ ತಿಕ್ಕಿ ನೋಡಿ, "ಛಲೋ ಅರಿವಿ ಐತಿ" ಎಂದಳು.

ಮತ್ತೆ ಮೋಡ ಕವಿಯಿತು. ಹುಡುಗರು ಅವಸರ ಮಾಡಿದರು. ಬೀಬಕ್ಕ ಮೆಟ್ಟಿಲಿಗೆ ಬೆನ್ನು ಕೊಟ್ಟು, ಕೈ ಊರಿ, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ತನ್ನನ್ನು ಎತ್ತಿಕೊಳ್ಳುತ್ತ ಹೋದಳು. ಹಾಗೆ ಹೋಗುವುದರಲ್ಲಿ ಒಂದು ಅನುಕೂಲವಿತ್ತು, ಮುಖ ತಂಗಿಯ ಕಡೆಗೇ ಇತ್ತು. ತಿರುವಿನಲ್ಲಿ ಮರೆಯಾಗುವವರೆಗೂ ಖಾಸೀಂಬಿ ಏಳಲಿಲ್ಲ.

ಅವಳನ್ನು ಇಳಿಸಿಕೊಂಡು ಗಿರಣಿಗೆ ಬರುವಷ್ಟರಲ್ಲಿ ಸಂಜೆಯಾಯಿತು. ನಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗು ಎಂದೆ. "ಇದ್ದು ಏನ್ ಮಾಡ್ಲಿ ಅಣ್ಣಾ, ಇಲ್ಲಿಂದ ಆಕಿ ಕಾಣಂಗಿಲ್ಲ" ಎಂದಳು. ನನ್ನ ಹೆಂಡತಿ ಕೊಟ್ಟ ಚಹಾ ಕುಡಿದು, ತೌಸಿಫ್ ಕರೆತಂದ ರಿಕ್ಷಾದಲ್ಲಿ ಕೂತಳು. ರಿಕ್ಷಾದವನು ಎಂಜಿನ್ ಚಾಲೂ ಮಾಡಿದ ಮೇಲೆ ನನ್ನನ್ನು ಹತ್ತಿರ ಕರೆದಳು.

"ಅಣ್ಣಾ, ಆಕಿ ಹೋದ ದಿನ ನನಗ ಫೋನ್ ಮಾಡಬ್ಯಾಡ ಅಂತ ಅಲ್ತಾಫಗ ಹೇಳು. ನಾ ಬಂದು ಹೋಗೀನಿ."